ತಿರುವಿನಲ್ಲಿ ಬೈಕ್: ಮೈ ಎಲ್ಲಿರಬೇಕು, ಕೈ ಹೇಗಿರಬೇಕು

ಬೆಳಗಾವಿಯಿಂದ ಪೀರನವಾಡಿ ದಾಟಿ ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಾಟ್ ಇಳಿದರೆ ಗೋವಾ. ಖಾನಾಪುರ, ಲೋಂಡಾ ಮೇಲೆ ಹೋದರೆ ಅನಮೋಡ ಘಾಟ್. ಮಹಾರಾಷ್ಟ್ರದ ಗಡಿ ದಾಟಿ ಪಶ್ಚಿಮಕ್ಕೆ ಹೊರಟರೆ ಅಂಬೋಲಿ. ಮೂರೂ ಕಾಡಿನ ದಾರಿಗಳು. ಮೂರರಲ್ಲೂ ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ಎದುರಾಗುತ್ತದೆ. ಮಳೆಗಾಲ ಮುಗಿಯುತ್ತಿದ್ದಂತೆ ಭಾನುವಾರದ ಬೆಳಗ್ಗೆ ಈ ರಸ್ತೆಗಳಲ್ಲಿ ಬೈಕ್‌ಗಳ ಸಾಲು ಶುರುವಾಗುತ್ತದೆ. ಬೆಳಗಾವಿಯವರ ಜೊತೆಗೆ ಬಾಗಲಕೋಟೆ, ವಿಜಯಪುರದಿಂದ ಗೋವಾಕ್ಕೆ ಹೊರಟವರೂ ಇರುತ್ತಾರೆ. ಎರೆಹೊಲಗಳ ನಡುವೆ ಕಣ್ಣು ಹಾಯುವಷ್ಟು ದೂರ ನೇರವಾಗಿ ಸಾಗುವ ರಸ್ತೆಗಳಲ್ಲಿ ಓಡಿಸಿ ಕೈ ಪಳಗಿದವರು ಅವರು. ಅಲ್ಲಿ ವೇಗವನ್ನು ಎಂಜಿನ್ ನಿರ್ಧರಿಸುತ್ತದೆ. ಘಾಟ್‌ನಲ್ಲಿ ಹಾಗಲ್ಲ.

ಚಹಾಕ್ಕೆಂದು ನಿಂತ ಹುಡುಗರ ಮಾತು ಬೇಗನೆ ಒಂದೇ ವಿಷಯಕ್ಕೆ ಬರುತ್ತದೆ: ಯಾರು ಬೈಕನ್ನು ಎಷ್ಟು ವಾಲಿಸಿದರು, ಯಾರ ಟೈರು ಅಂಚಿನವರೆಗೆ ಸವೆದಿದೆ. ಹೆಚ್ಚು ವಾಲಿಸಿದವನೇ ನಿಪುಣ ಎಂಬುದು ಅಲ್ಲಿಯ ಲೆಕ್ಕ. ಈ ಲೆಕ್ಕವೇ ತಪ್ಪು ಎಂದು ನನ್ನ ಖಚಿತ ಅಭಿಪ್ರಾಯ. ಅದೇ ತಿರುವನ್ನು ಅದೇ ವೇಗದಲ್ಲಿ ಕಡಿಮೆ ವಾಲಿಕೆಯಲ್ಲಿ ದಾಟಿದವನು, ಕೈಯಲ್ಲಿ ಇನ್ನೂ ಸ್ವಲ್ಪ ಅವಕಾಶ ಉಳಿಸಿಕೊಂಡವನು ನಿಪುಣ. ಏಕೆಂದು ತಿಳಿಯಲು ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ.

ತಿರುವಿನಲ್ಲಿ ಬೈಕ್ ವಾಲಲೇಬೇಕು. ದಿಕ್ಕು ಬದಲಾಗಬೇಕಾದರೆ ನೆಲವು ಟೈರನ್ನು ತಿರುವಿನ ಒಳಕ್ಕೆ ತಳ್ಳಬೇಕು. ಈ ತಳ್ಳುವಿಕೆ ನಡೆಯುವುದು ಬುಡದಲ್ಲಿ. ಭಾರವಿರುವುದು ಮೇಲೆ, ಎಂಜಿನ್ನಿನಲ್ಲಿ ಮತ್ತು ಸವಾರನ ಮೈಯಲ್ಲಿ. ಬುಡ ಒಳಕ್ಕೆ ಸರಿದರೆ ಮೇಲ್ಭಾಗ ಹೊರಕ್ಕೆ ಮಗುಚಿಕೊಳ್ಳುತ್ತದೆ. ಹಾಗಾಗದಂತೆ ಭಾರವನ್ನು ಒಳಕ್ಕೆ ವಾಲಿಸಿಕೊಂಡಿರಬೇಕು. ಎಷ್ಟು ವಾಲಬೇಕು ಎಂಬುದು ಎರಡೇ ಸಂಗತಿಗಳ ಮೇಲೆ ನಿಂತಿದೆ: ವೇಗ ಮತ್ತು ತಿರುವಿನ ತ್ರಿಜ್ಯ. ಬೈಕಿನ ತೂಕ ಈ ಸೂತ್ರದಲ್ಲಿ ಬರುವುದೇ ಇಲ್ಲ.

30 ಮೀಟರ್ ತ್ರಿಜ್ಯದ ತಿರುವೊಂದನ್ನು ತೆಗೆದುಕೊಳ್ಳೋಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋದರೆ ಸುಮಾರು 23 ಡಿಗ್ರಿ ವಾಲಬೇಕು. 50ರಲ್ಲಿ 33 ಡಿಗ್ರಿ. 60ರಲ್ಲಿ 43. ಟೈರಿಗೆ ಅಗಲ ಇರುವುದರಿಂದ ನಿಜವಾದ ವಾಲಿಕೆ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ. ವೇಗ ಒಂದೂವರೆ ಪಟ್ಟಾದರೆ ಟೈರಿನಿಂದ ಕೇಳುವ ಹಿಡಿತ ಎರಡೂಕಾಲು ಪಟ್ಟಾಗುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ಅದು ಏರುತ್ತದೆ. 40ರಲ್ಲಿ ಬೈಕ್ ಮತ್ತು ಸವಾರನ ಒಟ್ಟು ಭಾರದ ಶೇಕಡ 42ರಷ್ಟು ಅಡ್ಡಹಿಡಿತ ಸಾಕು. 50ರಲ್ಲಿ ಶೇಕಡ 66 ಬೇಕು, 60ರಲ್ಲಿ ಶೇಕಡ 94. ಒಣಗಿದ, ಚೊಕ್ಕಟವಾದ ಡಾಂಬರಿನ ಮೇಲೆ ಒಳ್ಳೆಯ ಟೈರಿನಿಂದ ಸುಮಾರು ಶೇಕಡ 80ರಿಂದ 90 ಸಿಗಬಹುದು. ರಸ್ತೆ ಒದ್ದೆಯಾದರೆ ಅದು 50ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಚಳಿಗಾಲದ ಮಧ್ಯಾಹ್ನ 50ರಲ್ಲಿ ನಿಶ್ಚಿಂತೆಯಿಂದ ದಾಟಿದ ತಿರುವನ್ನು ಜುಲೈನಲ್ಲಿ ಅದೇ ವೇಗದಲ್ಲಿ ದಾಟಲು ಹೊರಟರೆ ಟೈರಿನ ಹತ್ತಿರ ಕೊಡಲು ಅಷ್ಟು ಹಿಡಿತವೇ ಇರುವುದಿಲ್ಲ. ಧೈರ್ಯದಿಂದ ತುಂಬಿಕೊಳ್ಳುವ ಕೊರತೆ ಅದಲ್ಲ.

ಇನ್ನು ಮೈಯ ವಿಷಯ. ರೇಸಿನಲ್ಲಿ ಸವಾರರು ಸೀಟಿನಿಂದ ಪಕ್ಕಕ್ಕೆ ಜಾರಿ, ಮೊಣಕಾಲನ್ನು ನೆಲಕ್ಕೆ ತಾಗಿಸಿಕೊಂಡು ತಿರುಗುವುದನ್ನು ಎಲ್ಲರೂ ನೋಡಿದ್ದಾರೆ. 1970ರ ದಶಕದಲ್ಲಿ ಫಿನ್ಲೆಂಡಿನ ಯಾರ್ನೊ ಸಾರಿನೆನ್, ಆಮೇಲೆ ಅಮೆರಿಕದ ಕೆನ್ನಿ ರಾಬರ್ಟ್ಸ್ ಜನಪ್ರಿಯಗೊಳಿಸಿದ ಶೈಲಿ ಇದು. 2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ಗೆ ಮೋಟೋ ಜಿಪಿ ಬಂದ ಮೇಲಂತೂ ನಮ್ಮ ಹುಡುಗರಿಗೆ ಈ ಭಂಗಿಯ ಮೇಲೆ ಇನ್ನಷ್ಟು ಮೋಹ. ಆ ರೇಸುಗಳಲ್ಲಿ ಬೈಕ್ 60 ಡಿಗ್ರಿಗೂ ಮೀರಿ ವಾಲುತ್ತದೆ. ಬೈಕಿನ ಭಾಗಗಳೇ ನೆಲಕ್ಕೆ ಉಜ್ಜುವ ಸ್ಥಿತಿ. ಅಂಥಲ್ಲಿ ಮೈಯನ್ನು ಒಳಕ್ಕೆ ಸರಿಸಿದರೆ ಬೈಕನ್ನು ಕೆಲವು ಡಿಗ್ರಿ ನೆಟ್ಟಗೆ ಇಟ್ಟುಕೊಳ್ಳಬಹುದು, ಆ ಕೆಲವು ಡಿಗ್ರಿಗೆ ಅಲ್ಲಿ ಬಹಳ ಬೆಲೆ.

ರಸ್ತೆಯಲ್ಲಿ ಅದರ ಬೆಲೆ ಎಷ್ಟು? ಬೈಕಿನ ತೂಕ 180 ಕಿಲೋ, ಸವಾರನದು 70 ಎಂದುಕೊಳ್ಳಿ. ಸವಾರ ತನ್ನ ಮೈಭಾರವನ್ನು 10 ಸೆಂಟಿಮೀಟರ್ ಒಳಕ್ಕೆ ಸರಿಸಿದರೆ ಇಬ್ಬರದೂ ಸೇರಿದ ಗುರುತ್ವ ಕೇಂದ್ರ ಸರಿಯುವುದು ಮೂರು ಸೆಂಟಿಮೀಟರಿಗಿಂತ ಕಡಿಮೆ. ಆ ಕೇಂದ್ರ ನೆಲದಿಂದ ಸುಮಾರು 60 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಉಳಿತಾಯವಾಗುವ ವಾಲಿಕೆ ಎರಡೂವರೆ, ಹೆಚ್ಚೆಂದರೆ ಮೂರು ಡಿಗ್ರಿ. ಮೇಲೆ ಹೇಳಿದ ತಿರುವಿನಲ್ಲಿ ವೇಗವನ್ನು 50ರಿಂದ 47ಕ್ಕೆ ಇಳಿಸಿದರೂ ಇಷ್ಟೇ ಉಳಿತಾಯ. ಅಷ್ಟೇ ಅಲ್ಲ, ವೇಗ ಇಳಿಸಿದಾಗ ಟೈರಿನ ಮೇಲಿನ ಹೊರೆಯೂ ಇಳಿಯುತ್ತದೆ. ಮೈ ಸರಿಸಿದಾಗ ಬೈಕ್ ನೆಟ್ಟಗಾಗುತ್ತದೆಯೇ ಹೊರತು ಬೇಕಾದ ಹಿಡಿತ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಘಾಟ್ ರಸ್ತೆಯಲ್ಲಿ ಸೀಟಿನಿಂದ ಜಾರಿ ನೇತಾಡುವ ಅಗತ್ಯ ಯಾರಿಗೂ ಇಲ್ಲ.

ಹಾಗಾದರೆ ಮೈಯ ಭಂಗಿ ಮುಖ್ಯವಲ್ಲವೇ? ಬಹಳ ಮುಖ್ಯ. ಆದರೆ ಕಾರಣ ಬೇರೆ: ಅದು ಕೈಗಳನ್ನು ಹಗುರವಾಗಿಡುತ್ತದೆ.

ಕೈ ಹಗುರವಾಗಿರಬೇಕು ಎನ್ನುವುದಕ್ಕೆ ಬೈಕ್ ತಿರುಗುವ ರೀತಿಯೇ ಕಾರಣ. ಗಂಟೆಗೆ 20–25 ಕಿಲೋಮೀಟರ್ ದಾಟಿದ ಮೇಲೆ ಬೈಕನ್ನು ಎಡಕ್ಕೆ ತಿರುಗಿಸಬೇಕಾದರೆ ಹ್ಯಾಂಡಲ್‌ನ ಎಡತುದಿಯನ್ನು ಮುಂದಕ್ಕೆ ತಳ್ಳಬೇಕು. ಮೊದಲ ಸಲ ಕೇಳಿದವರು ಇದನ್ನು ಒಪ್ಪುವುದಿಲ್ಲ. ಎಡತುದಿಯನ್ನು ತಳ್ಳಿದರೆ ಮುಂಚಕ್ರ ಕ್ಷಣಕಾಲ ಬಲಕ್ಕೆ ಹೊರಳುತ್ತದೆ, ಟೈರಿನ ಬುಡ ಬಲಕ್ಕೆ ಸರಿಯುತ್ತದೆ, ಬುಡ ಬಲಕ್ಕೆ ಹೋದದ್ದರಿಂದ ಮೇಲ್ಭಾಗ ಎಡಕ್ಕೆ ವಾಲುತ್ತದೆ. ವಾಲಿದೊಡನೆ ಮುಂಚಕ್ರ ತಾನಾಗಿಯೇ ಎಡಕ್ಕೆ ತಿರುಗಿ ನೆಲೆ ನಿಲ್ಲುತ್ತದೆ. ಸೈಕಲ್ ಅಂಗಡಿ ನಡೆಸುತ್ತಿದ್ದ ವಿಮಾನದ ವಿಲ್ಬರ್ ರೈಟ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇದನ್ನು ಗಮನಿಸಿದ್ದರು. ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ಸೈಕಲ್ ಸವಾರರನ್ನು ಕೇಳಿದರೆ ಯಾರೂ ಸರಿಯಾಗಿ ಹೇಳುತ್ತಿರಲಿಲ್ಲವಂತೆ. ದಿನವೂ ಮಾಡುವ ಕೆಲಸ, ಮಾಡುತ್ತಿದ್ದೇವೆ ಎಂಬ ಅರಿವು ಮಾತ್ರ ಇಲ್ಲ.

ಅರಿವಿಲ್ಲದಿದ್ದರೆ ಆಗುವ ಅಪಾಯವನ್ನು ಹತ್ತಿರದಿಂದ ನೋಡೋಣ. ಕಣಕುಂಬಿಯ ಕಡೆ ಮರಗಳ ಮರೆಯಲ್ಲಿ ಎಡ ತಿರುವೊಂದು ಬರುತ್ತದೆ. ಸವಾರ ಅಂದುಕೊಂಡದ್ದಕ್ಕಿಂತ ಅದು ಬಿಗಿಯಾಗಿದೆ. ಹೆದರಿಕೆಯಾಗುತ್ತದೆ. ಹೆದರಿದ ಮೈ ಮೊದಲು ಮಾಡುವ ಕೆಲಸ ಎರಡೂ ತೋಳುಗಳನ್ನು ಬಿಗಿಹಿಡಿಯುವುದು. ಎಡಗೈ ಮುಂದಕ್ಕೆ ತಳ್ಳುತ್ತಿದೆ, ಅದೇ ಹೊತ್ತಿಗೆ ಬಲಗೈಯೂ ತಳ್ಳುತ್ತಿದೆ. ಒಂದು ಇನ್ನೊಂದನ್ನು ರದ್ದು ಮಾಡುತ್ತದೆ. ತಾನು ಶಕ್ತಿಮೀರಿ ತಿರುಗಿಸುತ್ತಿದ್ದೇನೆ ಎಂದು ಸವಾರನಿಗೆ ಅನಿಸುತ್ತದೆ, ಬೈಕ್ ಮಾತ್ರ ನೇರಕ್ಕೆ, ರಸ್ತೆಯ ನಡುಗೆರೆಯತ್ತ ಸಾಗುತ್ತದೆ. ಅಷ್ಟರಲ್ಲಿ ಬೆರಳುಗಳು ಮುಂದಿನ ಬ್ರೇಕ್ ಒತ್ತುತ್ತವೆ. ವಾಲಿದ ಬೈಕಿನ ಮುಂಚಕ್ರಕ್ಕೆ ಗಕ್ಕನೆ ಬ್ರೇಕ್ ಬಿದ್ದರೆ ಬೈಕ್ ನೆಟ್ಟಗೆ ಏಳುತ್ತದೆ, ಇಲ್ಲವೇ ಚಕ್ರವೇ ಜಾರುತ್ತದೆ. ಎದ್ದರೆ ಎದುರಿನಿಂದ ಬರುವ ವಾಹನಗಳ ಸಾಲು, ಜಾರಿದರೆ ನೆಲ. ಬೈಕಿಗೆ ತಿರುಗುವ ಶಕ್ತಿ ಇನ್ನೂ ಇತ್ತು. ಅದನ್ನು ತಿರುಗಗೊಡಲಿಲ್ಲ, ಅಷ್ಟೇ.

ಮೈಯ ಭಂಗಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೈಭಾರವನ್ನು ಕೈ ಹೊರದಿದ್ದರೆ ಕೈ ಬಿಗಿಯುವುದಿಲ್ಲ. ಭಾರ ಹೊರಬೇಕಾದದ್ದು ಕಾಲು, ತೊಡೆ ಮತ್ತು ಹೊಟ್ಟೆ–ಬೆನ್ನಿನ ಸ್ನಾಯುಗಳು. ತೊಡೆಗಳಿಂದ ಟ್ಯಾಂಕನ್ನು ಒತ್ತಿ ಹಿಡಿಯಿರಿ. ತಿರುವಿನಲ್ಲಿ ಹೊರಬದಿಯ ತೊಡೆ ಹೆಚ್ಚು ಕೆಲಸ ಮಾಡಲಿ. ಫುಟ್‌ರೆಸ್ಟ್ ಮೇಲೆ ಪಾದದ ಮಧ್ಯಭಾಗದ ಬದಲು ಬೆರಳುಗಳ ಬುಡ ಇರಲಿ, ಇಲ್ಲವಾದರೆ ವಾಲಿದಾಗ ಕಾಲ್ಬೆರಳು ನೆಲಕ್ಕೆ ತಾಗುವುದುಂಟು. ಬೆನ್ನು ಸೆಟೆಯದೆ ತುಸು ಬಾಗಿರಲಿ. ಮೊಣಕೈ ಮಡಿಚಿ, ಭುಜ ಇಳಿಬಿಟ್ಟು ಕೂರಿ. ತಿರುವಿಗೆ ಮೊದಲು ಎದೆ ಮತ್ತು ತಲೆಯನ್ನು ಒಳಬದಿಯ ಕನ್ನಡಿಯ ಕಡೆಗೆ ಸ್ವಲ್ಪ ಒಯ್ದರೆ ಸಾಕು, ಸೊಂಟ ಸೀಟಿನ ಮೇಲೆಯೇ ಇರಲಿ. ತಲೆ ಮಾತ್ರ ಬೈಕಿನ ಜೊತೆ ಪೂರ್ತಿ ವಾಲಬಾರದು. ಎರಡೂ ಕಣ್ಣು ನೆಲಕ್ಕೆ ಸಮಾನಾಂತರವಾಗಿದ್ದರೆ ದೂರ ಅಳೆಯುವುದು ಸುಲಭ. ಪರೀಕ್ಷೆಯೂ ಸರಳ: ಉದ್ದನೆಯ, ನಿಧಾನದ, ಖಾಲಿ ತಿರುವಿನ ನಡುವೆ ಮೊಣಕೈಗಳನ್ನು ಮೇಲೆ ಕೆಳಗೆ ಆಡಿಸಿ ನೋಡಿ. ಬೈಕ್ ಅಲುಗಾಡಿದರೆ ನೀವು ಹ್ಯಾಂಡಲ್ ಹಿಡಿದು ನೇತಾಡುತ್ತಿದ್ದೀರಿ ಎಂದೇ ಅರ್ಥ.

ಸವದತ್ತಿಯ ಎಲ್ಲಮ್ಮನ ಗುಡ್ಡ ಹತ್ತುವಾಗಲೋ ಘಾಟ್‌ನ ಹೇರ್‌ಪಿನ್ ತಿರುವಿನಲ್ಲೋ ನಡಿಗೆಯ ವೇಗಕ್ಕೆ ಇಳಿದಿದ್ದರೆ ಇದೆಲ್ಲ ತಿರುಗುಮುರುಗು. ಅಲ್ಲಿ ಮೈಯನ್ನು ನೆಟ್ಟಗೆ ಅಥವಾ ತುಸು ಹೊರಕ್ಕೆ ಇಟ್ಟು ಬೈಕನ್ನು ಮಾತ್ರ ಒಳಕ್ಕೆ ವಾಲಿಸಬೇಕು. ಹಿಂದಿನ ಬ್ರೇಕನ್ನು ಮೃದುವಾಗಿ ಒತ್ತಿಟ್ಟು, ಅರೆ ಕ್ಲಚ್‌ನಲ್ಲಿ ಎಂಜಿನ್ ಎಳೆತ ಉಳಿಸಿಕೊಂಡರೆ ಬೈಕ್ ಓಲಾಡುವುದಿಲ್ಲ.

ಕೈಯ ಬಿಗಿತ ನಿಜವಾಗಿ ಶುರುವಾಗುವುದು ಕಣ್ಣಿನಿಂದ. ಗುಂಡಿಯನ್ನು ನೋಡಿದರೆ ಗುಂಡಿಗೇ ಹೋಗುತ್ತೇವೆ, ಲಾರಿಯ ಬಂಪರ್ ನೋಡಿದರೆ ಲಾರಿಯ ಕಡೆಗೇ ಬೈಕ್ ಸಾಗುತ್ತದೆ. ಅಪಾಯವನ್ನು ಒಮ್ಮೆ ಗುರುತಿಸಿ, ತಪ್ಪಿಸಿಕೊಳ್ಳುವ ಜಾಗಕ್ಕೆ ದೃಷ್ಟಿ ಹೊರಳಿಸಬೇಕು. ಬ್ರಿಟನ್ನಿನ ಪೊಲೀಸ್ ಚಾಲಕರಿಗೆ ಕಲಿಸುವ ಒಂದು ವಿಧಾನ ನಮ್ಮ ಘಾಟ್‌ಗಳಿಗೆ ಹೇಳಿ ಮಾಡಿಸಿದಂತಿದೆ. ಮುಂದಿನ ರಸ್ತೆಯ ಎಡ ಅಂಚು ಮತ್ತು ಬಲ ಅಂಚು ದೂರದಲ್ಲಿ ಒಂದು ಬಿಂದುವಿನಲ್ಲಿ ಕೂಡಿದಂತೆ ಕಾಣುತ್ತವೆ. ಅದರಾಚೆ ಏನೂ ಕಾಣುವುದಿಲ್ಲ. ಆ ಬಿಂದು ನಿಮ್ಮ ಹತ್ತಿರಕ್ಕೆ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಸಿ. ಅಷ್ಟೇ ದೂರದಲ್ಲಿ ನಿಂತಿದ್ದರೆ ವೇಗ ಸರಿಯಾಗಿದೆ. ದೂರ ಓಡತೊಡಗಿದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ಆ ಬಿಂದುವಿನೊಳಗೆ ನಿಲ್ಲಿಸಲಾಗದ ವೇಗ ಯಾವುದೇ ಇರಲಿ, ಅದು ಹೆಚ್ಚಿನ ವೇಗವೇ. ಒಣ ರಸ್ತೆಯಲ್ಲಿ, ನೆಟ್ಟಗಿರುವ ಬೈಕನ್ನು ಚೆನ್ನಾಗಿ ಬ್ರೇಕ್ ಹಾಕಿ ನಿಲ್ಲಿಸಲು, ಬೆಚ್ಚಿ ಪ್ರತಿಕ್ರಿಯಿಸುವ ಒಂದು ಸೆಕೆಂಡನ್ನೂ ಸೇರಿಸಿದರೆ, 40ರಲ್ಲಿ ಸುಮಾರು 20 ಮೀಟರ್ ಬೇಕು, 60ರಲ್ಲಿ 37.

ಬ್ರೇಕ್ ಮತ್ತು ಗೇರಿನ ಕೆಲಸವೆಲ್ಲ ಬೈಕ್ ನೆಟ್ಟಗಿರುವಾಗಲೇ ಮುಗಿಯಬೇಕು. ಟೈರಿನ ಹಿಡಿತ ಒಂದೇ ಇರುವುದು, ತಿರುಗಲೂ ಅದೇ, ನಿಲ್ಲಲೂ ಅದೇ. ತಿರುವಿನೊಳಗೆ ಹೋದ ಮೇಲೆ ಆಕ್ಸಿಲರೇಟರನ್ನು ಸಮನಾಗಿ, ತೀರ ಸಣ್ಣದಾಗಿ ಏರಿಸುತ್ತ ಹೋಗಬೇಕು. ಆಗ ಭಾರ ತುಸು ಹಿಂದಕ್ಕೆ ಸರಿದು ಎರಡೂ ಟೈರುಗಳಿಗೆ ಸರಿಯಾಗಿ ಹಂಚಿಕೆಯಾಗುತ್ತದೆ, ಸಸ್ಪೆನ್ಷನ್‌ಗೆ ಕುಗ್ಗಿ ಹಿಗ್ಗಲು ಜಾಗ ಸಿಗುತ್ತದೆ. ಗಾಬರಿಯಿಂದ ಪೂರ್ತಿ ಬಿಟ್ಟುಬಿಟ್ಟರೆ ಭಾರವೆಲ್ಲ ಮುಂಚಕ್ರದ ಮೇಲೆ ಬೀಳುತ್ತದೆ. ವೇಗ ಹೆಚ್ಚಾಗಿದೆ ಎಂದು ತಿರುವಿನ ನಡುವೆ ಅರಿವಾದರೆ ತಿರುವಿನ ಕೊನೆಯತ್ತ ನೋಡಿ, ಒಳಬದಿಯ ಹ್ಯಾಂಡಲ್ ಇನ್ನಷ್ಟು ತಳ್ಳಿ. ಮಾಮೂಲಿ ಸವಾರ ಬೆದರುವ ಹೊತ್ತಿಗೆ ಬೈಕಿನಲ್ಲಿ ಸಾಮಾನ್ಯವಾಗಿ ಇನ್ನೂ ವಾಲುವ ಅವಕಾಶ ಉಳಿದಿರುತ್ತದೆ.

ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕ್‌ಗಳಿಗೆ ಅದು ಕಡ್ಡಾಯ, ಒಳ್ಳೆಯ ಕೆಲಸ. ಆದರೆ ಅನೇಕ ಬೈಕ್‌ಗಳಲ್ಲಿ ಅದಿರುವುದು ಮುಂಚಕ್ರಕ್ಕೆ ಮಾತ್ರ, ಮತ್ತು ಬೈಕ್ ಎಷ್ಟು ವಾಲಿದೆ ಎಂಬುದು ಮಾಮೂಲಿ ಎಬಿಎಸ್‌ಗೆ ಗೊತ್ತಾಗುವುದಿಲ್ಲ. ವಾಲಿಕೆ ಅಳೆದು ಬ್ರೇಕ್ ಹಂಚುವ ವ್ಯವಸ್ಥೆ ದುಬಾರಿ ಬೈಕ್‌ಗಳಲ್ಲಷ್ಟೇ ಇದೆ.

ರಸ್ತೆಯ ಯಾವ ಭಾಗದಲ್ಲಿ ಇರಬೇಕು ಎಂಬುದನ್ನು ನಮ್ಮ ಎಡಬದಿ ಸಂಚಾರಕ್ಕೆ ಹೊಂದಿಸಿಯೇ ಕಲಿಯಬೇಕು. ಎಡ ತಿರುವಿಗೆ ನಿಮ್ಮ ಸಾಲಿನ ಬಲಭಾಗದಿಂದ, ನಡುಗೆರೆಗೆ ಅಂಟದಂತೆ ಬನ್ನಿ. ಒಳಗಿನ ನೋಟ ಬೇಗ ಸಿಗುತ್ತದೆ. ತಿರುವಿನ ಆಚೆ ಕಾಣುವ ತನಕ ಒಳ ಅಂಚಿಗೆ ಇಳಿಯಬೇಡಿ. ಅವಸರಪಟ್ಟು ಮೊದಲೇ ಒಳಕ್ಕೆ ಇಳಿದವರು ಕೊನೆಯಲ್ಲಿ ನಡುಗೆರೆಯಾಚೆ ತೇಲಿಹೋಗುತ್ತಾರೆ. ಬಲ ತಿರುವಿಗೆ ಎಡಭಾಗದಿಂದ ಬನ್ನಿ, ಜಲ್ಲಿ ಇಲ್ಲದಷ್ಟು ಮಾತ್ರ ಎಡಕ್ಕೆ. ಬಲ ತಿರುವಿನಲ್ಲಿ ಹಲವರು ಗಮನಿಸದ ಒಂದು ಸಂಗತಿ ಇದೆ. ಬೈಕ್ 30 ಡಿಗ್ರಿ ವಾಲಿದಾಗ ಸವಾರನ ತಲೆ ಟೈರಿಗಿಂತ ಸುಮಾರು ಮುಕ್ಕಾಲು ಮೀಟರ್ ಒಳಗಿರುತ್ತದೆ. ಟೈರು ನಡುಗೆರೆಯ ಒಳಗೇ ಇದ್ದರೂ ತಲೆ ಎದುರಿನ ಸಾಲಿನಲ್ಲಿರಬಹುದು. ಘಾಟ್ ಹತ್ತುವ ಬಸ್ಸು, ಲಾರಿಗಳು ಹೇರ್‌ಪಿನ್‌ಗಳಲ್ಲಿ ಇಡೀ ರಸ್ತೆ ಬಳಸುವುದು ಅನಿವಾರ್ಯ. ರೇಸಿನ ಶೈಲಿಯಲ್ಲಿ ಮೈಯನ್ನೂ ಒಳಕ್ಕೆ ಚಾಚಿದವನು ಆ ಬಸ್ಸಿನ ಮೂಲೆಗೆ ಇನ್ನಷ್ಟು ಹತ್ತಿರವಾಗುತ್ತಾನೆ.

ನಮ್ಮ ಭಾಗದ ರಸ್ತೆಗಳಿಗೆ ತಮ್ಮದೇ ಋತುಗಳಿವೆ. ಕಬ್ಬು ಅರೆಯುವ ತಿಂಗಳುಗಳಲ್ಲಿ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಸಕ್ಕರೆ ಕಾರ್ಖಾನೆಗಳ ಕಡೆ ಸಾಗುತ್ತವೆ. ತಿರುವಿನಲ್ಲಿ ಜಾರಿಬಿದ್ದ ಜಲ್ಲೆಗಳು ಚಕ್ರಕ್ಕೆ ಸಿಕ್ಕಿ ಜಜ್ಜಿ, ಸಿಪ್ಪೆ ರಸ್ತೆಗೆ ಅಂಟಿಕೊಂಡಿರುತ್ತದೆ. ಅದರ ಮೇಲೆ ವಾಲಿದ ಟೈರು ನಿಲ್ಲದು. ರಾತ್ರಿ ಹಿಂದೀಪವಿಲ್ಲದ ಟ್ರೇಲರ್ ತಿರುವಿನ ಆಚೆ ನಿಂತಿರಬಹುದು ಎಂದುಕೊಂಡೇ ಓಡಿಸಬೇಕು. ಖಾನಾಪುರದಿಂದ ಮುಂದೆ ಕೆಂಪು ಮಣ್ಣು ಮಳೆಗೆ ಇಳಿದು ರಸ್ತೆಗೆ ತೆಳ್ಳಗೆ ಲೇಪವಾಗಿರುತ್ತದೆ. ಮಳೆಗಾಲದಲ್ಲಿ ಚೋರ್ಲಾದ ಮಂಜು ರಸ್ತೆಯ ಅಂಚುಗಳು ಕೂಡುವ ಆ ಬಿಂದುವನ್ನೇ ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ. ಬಾಗಲಕೋಟೆ, ವಿಜಯಪುರದ ಹಳ್ಳಿ ರಸ್ತೆಗಳಲ್ಲಿ ಸುಗ್ಗಿಯ ಹೊತ್ತಿಗೆ ರಾಶಿ ಮಾಡಲು ಡಾಂಬರಿನ ಮೇಲೇ ತೆನೆ ಹರಡಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಾಕುವುದೂ ಒಂದೇ, ಗೋಲಿಗಳ ಮೇಲೆ ಹಾಕುವುದೂ ಒಂದೇ.

ನೇರ ರಸ್ತೆಯ ಸವಾರರಿಗೆ ಇನ್ನೊಂದು ಸೂಚನೆ, ಘಾಟ್‌ಗೆ ಹೊರಡುವ ಮೊದಲೇ ನೋಡಬೇಕಾದದ್ದು. ವಿಜಯಪುರದ ಹೆದ್ದಾರಿಯಲ್ಲಿ ಸಾವಿರಾರು ಕಿಲೋಮೀಟರ್ ನೆಟ್ಟಗೆ ಓಡಿದ ಟೈರಿನ ನಡುಭಾಗ ಚಪ್ಪಟೆಯಾಗಿ ಸವೆದಿರುತ್ತದೆ, ಅಂಚು ಮಾತ್ರ ಹೊಸದರಂತೆ ಉಳಿದಿರುತ್ತದೆ. ಅಂಥ ಟೈರು ವಾಲುವಾಗ ಮೊದಲು ಮೊಂಡು ಹಿಡಿದು, ಚಪ್ಪಟೆ ಭಾಗದ ಏಣು ದಾಟಿದೊಡನೆ ಒಮ್ಮೆಲೇ ಬೀಳುತ್ತದೆ. ಹಿಂದಿನಿಂದ ಕುಳಿತು ನೋಡಿದರೆ ಟೈರಿನ ಮೈ ದುಂಡಗಿದೆಯೋ ಚಪ್ಪಟೆಯಾಗಿದೆಯೋ ತಿಳಿಯುತ್ತದೆ. ಗಾಳಿಯನ್ನು ಟೈರು ತಣ್ಣಗಿರುವಾಗ, ಬೈಕಿನ ಮೇಲೆ ಅಂಟಿಸಿದ ಚೀಟಿಯಲ್ಲಿರುವ ಅಳತೆಗೆ ತುಂಬಿಸಿ. ಪಂಕ್ಚರ್ ಅಂಗಡಿಯ ಅಂದಾಜಿಗೆ ಬಿಡಬೇಡಿ.

ಇದನ್ನೆಲ್ಲ ಘಾಟ್‌ನಲ್ಲೇ ಕಲಿಯಲು ಹೋಗಬಾರದು. ಊರ ಹೊರಗಿನ ಖಾಲಿ ಮೈದಾನ ಸಾಕು. ಎರಡು ಕಲ್ಲಿಟ್ಟು ಅವುಗಳ ಸುತ್ತ ಇಂಗ್ಲಿಷ್ ಅಂಕಿ 8ರ ಆಕಾರದಲ್ಲಿ ಅಡ್ಡಹಾಯ್ದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತಿ, ಪ್ರತಿ ಸುತ್ತಿನಲ್ಲಿ ಕಣ್ಣು ಮುಂದಿನ ಕಲ್ಲಿನ ಮೇಲಿರಲಿ. ಆಮೇಲೆ ಅಗಲವಾದ ಜಾಗದಲ್ಲಿ ನೇರವಾಗಿ 30–35ರಲ್ಲಿ ಸಾಗುತ್ತ ಒಂದು ಅಂಗೈಯಿಂದ ಮೃದುವಾಗಿ ತಳ್ಳಿ, ಬೈಕ್ ಯಾವ ಕಡೆಗೆ ವಾಲುತ್ತದೆಂದು ನೋಡಿ. ಹೆಚ್ಚಿನವರಿಗೆ ಒಂದು ಬದಿಯ ತಿರುವು ಇನ್ನೊಂದಕ್ಕಿಂತ ಕಷ್ಟ. ಕಷ್ಟದ ಬದಿಯನ್ನೇ ಹೆಚ್ಚು ಸುತ್ತಬೇಕು. ಮೈದಾನದಲ್ಲೂ ಹೆಲ್ಮೆಟ್, ಕೈಗವಸು, ಗಟ್ಟಿ ಶೂ ಇರಲಿ.

ಹಿಂದೆ ಕುಳಿತವರಿದ್ದರೆ ಲೆಕ್ಕ ಬದಲಾಗುತ್ತದೆ. ಬೇಕಾದ ವಾಲಿಕೆ ಅಷ್ಟೇ, ಆದರೆ ಹಿಂಭಾಗ ಕುಗ್ಗಿ ಬೈಕ್ ನೆಲಕ್ಕೆ ಹತ್ತಿರವಾಗುತ್ತದೆ, ಮುಂಚಕ್ರ ಹಗುರವಾಗುತ್ತದೆ, ನಿಲ್ಲಿಸಲು ಹೆಚ್ಚು ದೂರ ಬೇಕು. ಸೀರೆಯುಟ್ಟು ಎರಡೂ ಕಾಲನ್ನು ಎಡಕ್ಕೆ ಹಾಕಿ ಕುಳಿತವರ ಭಾರ ಎಡಕ್ಕೇ ಇರುತ್ತದೆ, ಕಾಲಿನಿಂದ ಬೈಕನ್ನು ಹಿಡಿಯಲು ಅವರಿಗೆ ಆಗುವುದಿಲ್ಲ. ಘಾಟ್ ದಾರಿಗೆ ಆ ರೀತಿ ಕೂರಿಸಿಕೊಂಡು ಹೋಗಲೇಬಾರದು ಎಂದು ನಾನು ಹೇಳುತ್ತೇನೆ. ಎರಡೂ ಬದಿಗೆ ಕಾಲು ಹಾಕಿ ಕುಳಿತವರಿಗೂ ಹೊರಡುವ ಮೊದಲೇ ಹೇಳಿಡಬೇಕು: ಬೈಕ್ ವಾಲಿದಾಗ ಹೆದರಿ ಎದುರು ಬದಿಗೆ ವಾಲಬಾರದು, ತಾವಾಗಿ ಹೆಚ್ಚು ಒಳಕ್ಕೂ ಬಾಗಬಾರದು. ಎಡ ತಿರುವಿನಲ್ಲಿ ಸವಾರನ ಎಡ ಭುಜದ ಮೇಲಿಂದ, ಬಲ ತಿರುವಿನಲ್ಲಿ ಬಲ ಭುಜದ ಮೇಲಿಂದ ರಸ್ತೆ ನೋಡುತ್ತಿದ್ದರೆ ಅವರ ಮೈ ತಾನಾಗಿಯೇ ಎಷ್ಟು ಬೇಕೋ ಅಷ್ಟು ವಾಲುತ್ತದೆ.